ಜಗಲಿಯಲ್ಲಿ ವಿಜ್ಞಾನ, ಒಳಮನೆಗೆ ಅಗುಳಿ

2007ರ ಆರಂಭದಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲೊಂದು ಮನೆಗಳ್ಳತನವಾಯಿತು. ಕಳುವಾದದ್ದು ಒಂದು ಲ್ಯಾಪ್‌ಟಾಪ್. ಮನೆಯಾಕೆ ಬರಹಗಾರ್ತಿ, ಬರೆದಿಟ್ಟದ್ದು ಅದರೊಳಗೆ ಸೇರಿಕೊಂಡಿತ್ತು. ಗಂಡ ಕಂಪ್ಯೂಟರ್ ಪ್ರೋಗ್ರಾಮರ್. ಆತನಿಗೆ ಒಂದು ಸಂಗತಿ ಹೊಳೆಯಿತು: ಕಳುವಾದ ಯಂತ್ರದಲ್ಲಿ ತಾನು ‘ಸೆಟಿ ಅಟ್ ಹೋಮ್’ ಎಂಬ ತಂತ್ರಾಂಶ ಹಾಕಿದ್ದೆನಲ್ಲ! ಅನ್ಯಗ್ರಹದ ಜೀವಿಗಳ ಸಂಕೇತ ಹುಡುಕುವ ಈ ತಂತ್ರಾಂಶ ಆಗಾಗ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿರುವ ಸರ್ವರನ್ನು ಸಂಪರ್ಕಿಸಿ ಹೊಸ ಕೆಲಸ ಕೇಳುತ್ತಿತ್ತು. ತನ್ನ ಖಾತೆ ತೆರೆದು ನೋಡಿದರೆ, ಕಳ್ಳನ ಕೈಯಲ್ಲಿದ್ದ ಲ್ಯಾಪ್‌ಟಾಪ್ ನಿಯತ್ತಾಗಿ ಬರ್ಕ್‌ಲಿಗೆ ವರದಿ ಒಪ್ಪಿಸುತ್ತಲೇ ಇತ್ತು. ಯಾವ ಐಪಿ ವಿಳಾಸದಿಂದ, ಅಂದರೆ ಯಾವ ಇಂಟರ್ನೆಟ್ ಸಂಪರ್ಕದಿಂದ, ಎಂಬುದೂ ದಾಖಲಾಗಿತ್ತು. ಅದನ್ನು ಪೊಲೀಸರಿಗೆ ಕೊಟ್ಟ; ಪೊಲೀಸರು ಇಂಟರ್ನೆಟ್ ಕಂಪನಿಯಿಂದ ಮನೆ ವಿಳಾಸ ತೆಗೆಸಿದರು; ಲ್ಯಾಪ್‌ಟಾಪ್ ವಾಪಸ್ ಬಂತು.

ಆಗ ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಬರೆದವು. ಕಳುವಾದದ್ದು ಸಿಗಲು ಅನ್ಯಗ್ರಹದವರು ನೆರವಾದರು ಎಂದು ನಗುವುದು ಸುಲಭ. ಆದರೆ ಕಳ್ಳನ ಜಾಗದಲ್ಲಿ ನಮ್ಮನ್ನೇ ನಿಲ್ಲಿಸಿಕೊಂಡು ನೋಡಿದರೆ ಕಥೆಯ ಬಣ್ಣ ಬದಲಾಗುತ್ತದೆ. ವಿಜ್ಞಾನಕ್ಕೆಂದು ನಾವು ಹಾಕಿಕೊಂಡ ಒಂದು ಪುಟ್ಟ ತಂತ್ರಾಂಶಕ್ಕೆ ನಮ್ಮ ಯಂತ್ರ ಯಾವಾಗ ಚಾಲೂ ಆಯಿತು, ಎಲ್ಲಿಂದ ಇಂಟರ್ನೆಟ್ಟಿಗೆ ಬಂತು ಎಂಬುದು ಗೊತ್ತಿರುತ್ತದೆ. ಇನ್ನೂ ಏನೇನು ಗೊತ್ತಿರುತ್ತದೆ? ಗೊತ್ತಿದ್ದರೆ ನಷ್ಟವೇನು?

ಮೊದಲು, ಕಂಪ್ಯೂಟರಿನ ಬಿಡುವನ್ನು ವಿಜ್ಞಾನಕ್ಕೆ ಕೊಡುವ ಈ ದಾನದ ಕಥೆ. ಮನೆಯ ಕಂಪ್ಯೂಟರು ದಿನದ ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತದೆ. ನಾವು ಟೈಪ್ ಮಾಡುವಾಗಲೂ ಪ್ರೊಸೆಸರ್ ಎರಡು ಅಕ್ಷರಗಳ ನಡುವೆ ಆಕಳಿಸುತ್ತಿರುತ್ತದೆ. ಆ ಬಿಡುವನ್ನು ಒಟ್ಟುಗೂಡಿಸಿದರೆ ಒಂದು ಸೂಪರ್‌ಕಂಪ್ಯೂಟರನ್ನೇ ಕಟ್ಟಬಹುದಲ್ಲ ಎಂಬ ಯೋಚನೆ 1990ರ ದಶಕದ ನಡುವೆ ಮೊಳೆಯಿತು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬವರು ದೈತ್ಯ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ‘ಗಿಂಪ್ಸ್’ ಆರಂಭಿಸಿದರು. ಬೀದಿಬೀದಿಗೆ ಹೆಸರಾದದ್ದು ಮಾತ್ರ 1999ರ ಮೇ 17ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್ಸಿನಿಂದ ಹೊರಬಂದ ಸೆಟಿ ಅಟ್ ಹೋಮ್. ಡೇವಿಡ್ ಆ್ಯಂಡರ್ಸನ್, ಡ್ಯಾನ್ ವರ್ತಿಮರ್ ಮತ್ತಿತರರು ಅದರ ಹಿಂದಿದ್ದರು.

ಅವರ ಕೆಲಸದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೋರ್ಟೊರಿಕೊದ ಅರೆಸಿಬೊದಲ್ಲಿ 305 ಮೀಟರ್ ಅಗಲದ ರೇಡಿಯೊ ದೂರದರ್ಶಕವಿತ್ತು. ಅದು ಬೇರೆ ವಿಜ್ಞಾನಿಗಳಿಗಾಗಿ ಆಕಾಶ ನೋಡುತ್ತಿದ್ದಾಗಲೇ ಇವರ ಉಪಕರಣ ಪಕ್ಕದಲ್ಲಿ ಕೂತು ತನಗೆ ಬೇಕಾದ್ದನ್ನು ಕೇಳಿಸಿಕೊಂಡು ಟೇಪಿಗೆ ಇಳಿಸುತ್ತಿತ್ತು. ಒಂದೊಂದು ಟೇಪಿನಲ್ಲಿ 35 ಗಿಗಾಬೈಟ್. ಅಷ್ಟನ್ನು ಇಂಟರ್ನೆಟ್ಟಿನಲ್ಲಿ ಕಳಿಸುವ ಕಾಲವಲ್ಲ. ಟೇಪುಗಳು ಅಂಚೆಯಲ್ಲೇ ಬರ್ಕ್‌ಲಿಗೆ ಬರುತ್ತಿದ್ದವು. ಅಲ್ಲಿ 25 ಲಕ್ಷ ಹರ್ಟ್ಸ್ ಅಗಲದ ರೇಡಿಯೊ ಪಟ್ಟಿಯನ್ನು 256 ಹೋಳು ಮಾಡಿ, ಒಂದೊಂದು ಹೋಳಿನಿಂದ 107 ಸೆಕೆಂಡಿನಷ್ಟು ಉದ್ದ ಕತ್ತರಿಸಿ, ಸುಮಾರು 340 ಕಿಲೋಬೈಟ್‌ನ ಪೊಟ್ಟಣ ಕಟ್ಟಿ ಮನೆಮನೆಗೆ ಹಂಚುತ್ತಿದ್ದರು. ಕಿರ್ರೆನ್ನುವ ಡಯಲಪ್ ಮೋಡೆಮ್ಮಿಗೂ ಐದು ನಿಮಿಷದೊಳಗೆ ಇಳಿಯುವಷ್ಟು ಗಾತ್ರ. ನಿಮ್ಮ ಕಂಪ್ಯೂಟರು ಅದನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಜಾಲಾಡಿ, ಸಿಕ್ಕಿದ್ದನ್ನು ವಾಪಸ್ ಕಳಿಸುತ್ತಿತ್ತು. ಆ ಹೊತ್ತಿನಲ್ಲಿ ಪರದೆಯ ಮೇಲೆ ಬಣ್ಣಬಣ್ಣದ ಗೋಪುರಗಳು ಎದ್ದು ಕುಣಿಯುತ್ತಿದ್ದವು. ಅದನ್ನು ನೋಡುವುದಕ್ಕೆಂದೇ ಕಂಪ್ಯೂಟರ್ ಆನ್ ಇಟ್ಟವರು ಬೇಕಾದಷ್ಟು ಜನ. 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸುವ ಹೊತ್ತಿಗೆ 52 ಲಕ್ಷಕ್ಕೂ ಹೆಚ್ಚು ಜನ ಒಂದಲ್ಲ ಒಂದು ಕಾಲದಲ್ಲಿ ಇದರಲ್ಲಿ ಭಾಗಿಯಾಗಿದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ಅರೆಸಿಬೊ ದೂರದರ್ಶಕವೇ ಕುಸಿದುಬಿತ್ತು.

ಅನ್ಯಗ್ರಹದವರು ಸಿಕ್ಕಿದರೇ? ಇಲ್ಲ. ಸುಮಾರು 1,200 ಕೋಟಿ ಸಂಶಯಾಸ್ಪದ ಮಿಡಿತಗಳನ್ನು ಜರಡಿ ಹಿಡಿದು, ಮತ್ತೊಮ್ಮೆ ನೋಡಲು ಯೋಗ್ಯವಾದ ನೂರರಷ್ಟನ್ನು ಆರಿಸಿದ್ದಾರೆ. ಅವುಗಳನ್ನು ಚೀನಾದ ‘ಫಾಸ್ಟ್’ ದೂರದರ್ಶಕದಿಂದ ಪರೀಕ್ಷಿಸಲಾಗುತ್ತಿದೆ. ಇಷ್ಟಕ್ಕೆ ಲಕ್ಷಾಂತರ ಮನೆಗಳ ಕರೆಂಟ್ ಸುಡಬೇಕಿತ್ತೇ ಎಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಹುಡುಕಿದ ಮೇಲೆ ಇಲ್ಲ ಎನ್ನುವುದಕ್ಕೂ ಹುಡುಕದೇ ಇಲ್ಲ ಎನ್ನುವುದಕ್ಕೂ ವಿಜ್ಞಾನದಲ್ಲಿ ಅಜಗಜಾಂತರವಿದೆ.

ಅದಕ್ಕಿಂತ ಮುಖ್ಯವಾಗಿ, ಆ್ಯಂಡರ್ಸನ್ ಇದೇ ಅನುಭವದಿಂದ ‘ಬಾಯಿಂಕ್’ ಎಂಬ ಸಾರ್ವತ್ರಿಕ ವೇದಿಕೆ ಕಟ್ಟಿದರು. ಯಾವ ವಿಜ್ಞಾನಿ ಬೇಕಾದರೂ ಅದರ ಮೇಲೆ ತಮ್ಮ ಯೋಜನೆ ಹೂಡಬಹುದು. ಅದರಲ್ಲಿ ನಡೆಯುವ ‘ಐನ್‌ಸ್ಟೈನ್ ಅಟ್ ಹೋಮ್’ 2010ರಲ್ಲಿ ಸೆಕೆಂಡಿಗೆ 41 ಬಾರಿ ಗಿರಗಿರನೆ ತಿರುಗುವ ಒಂದು ಹೊಸ ಪಲ್ಸಾರ್ ನಕ್ಷತ್ರ ಪತ್ತೆಮಾಡಿತು. ಪತ್ತೆ ಮಾಡಿದ್ದು ಅಮೆರಿಕದ ಅಯೋವಾದ ದಂಪತಿಯೊಂದರ ಮನೆಯ ಕಂಪ್ಯೂಟರು ಮತ್ತು ಜರ್ಮನಿಯ ಇನ್ನೊಬ್ಬ ಸ್ವಯಂಸೇವಕನ ಯಂತ್ರ. ಆಕ್ಸ್‌ಫರ್ಡಿನ ಹವಾಮಾನ ಯೋಜನೆ 2005ರಲ್ಲೇ ಸಾವಿರಾರು ಮನೆಗಳಲ್ಲಿ ಒಂದೊಂದು ಭೂಮಿಯನ್ನು ಬಿಸಿಯೇರಿಸಿ ನೋಡಿ, ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ತಾಪಮಾನ 2ರಿಂದ 11 ಡಿಗ್ರಿಯವರೆಗೆ ಏರುವ ಸಾಧ್ಯತೆ ಮಾದರಿಗಳಲ್ಲಿ ಕಾಣುತ್ತದೆ ಎಂದಿತು. ಪ್ರೋಟೀನ್ ವಿನ್ಯಾಸಕ್ಕೆ 2024ರ ನೊಬೆಲ್ ಹಂಚಿಕೊಂಡ ಡೇವಿಡ್ ಬೇಕರ್ ಅವರ ಪ್ರಯೋಗಾಲಯವೂ ‘ರೊಸೆಟಾ ಅಟ್ ಹೋಮ್’ ಹೆಸರಿನಲ್ಲಿ 2005ರಿಂದ ಜನರ ಯಂತ್ರಗಳನ್ನು ನೆಚ್ಚಿಕೊಂಡಿತ್ತು.

ಇದರ ಬಲ ನಿಜವಾಗಿ ಕಣ್ಣಿಗೆ ಬಿದ್ದದ್ದು ಕೊರೊನಾ ಕಾಲದಲ್ಲಿ. ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ ಎಂದು ಲೆಕ್ಕ ಹಾಕುವ ‘ಫೋಲ್ಡಿಂಗ್ ಅಟ್ ಹೋಮ್’ 2000ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಿಜಯ್ ಪಾಂಡೆ ಆರಂಭಿಸಿದ ಯೋಜನೆ. 2020ರ ಆರಂಭದಲ್ಲಿ ಅದರಲ್ಲಿ ಸಕ್ರಿಯವಾಗಿದ್ದವರು ಸುಮಾರು 30 ಸಾವಿರ. ಲಾಕ್‌ಡೌನಿನಲ್ಲಿ ಮನೆ ಸೇರಿದ ಜನ ಮುಗಿಬಿದ್ದರು. ಕೆಲವೇ ತಿಂಗಳಲ್ಲಿ ಸಂಖ್ಯೆ ಹತ್ತು ಲಕ್ಷ ದಾಟಿತು. ಹಂಚಲು ಕೆಲಸವೇ ಸಾಲದೆ ಸರ್ವರುಗಳು ಏದುಸಿರು ಬಿಟ್ಟವು. ಮಾರ್ಚ್ ಕೊನೆಗೆ ಒಟ್ಟು ಬಲ ಒಂದು ಎಕ್ಸಾಫ್ಲಾಪ್, ಅಂದರೆ ಸೆಕೆಂಡಿಗೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಷ್ಟು ಲೆಕ್ಕ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್ (ಸಾವಿರ ಪೆಟಾಫ್ಲಾಪ್ ಸೇರಿದರೆ ಒಂದು ಎಕ್ಸಾಫ್ಲಾಪ್). ಅಂಥ ಮುನ್ನೂರು ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರೆ ಆಗುವಷ್ಟು ಬಲವನ್ನು ಜನ ಬಿಟ್ಟಿಯಾಗಿ ಕೊಟ್ಟರು. ಕೊರೊನಾ ವೈರಸ್ಸಿನ ಮುಳ್ಳು ಪ್ರೋಟೀನು ಹೇಗೆ ಬಾಯಿ ತೆರೆಯುತ್ತದೆ ಎಂಬುದರ ವಿವರವಾದ ಚಿತ್ರ ಆ ಲೆಕ್ಕದಿಂದ ಬಂತು.

ಇನ್ನು ಖಾಸಗಿತನದ ಮಾತು. ‘ನನ್ನ ಫೋಟೊ, ಬ್ಯಾಂಕ್ ಲೆಕ್ಕ, ಪತ್ರಗಳನ್ನೆಲ್ಲ ಓದಿಬಿಟ್ಟರೆ?’ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಹೆಸರಾಂತ ಯೋಜನೆಗಳಿಗೆ ಅದರಲ್ಲಿ ಆಸಕ್ತಿಯಿಲ್ಲ. ಅವು ತಾವೇ ಕಳಿಸಿದ ಪೊಟ್ಟಣ ಬಿಚ್ಚುತ್ತವೆ, ಲೆಕ್ಕ ಮಾಡುತ್ತವೆ, ಉತ್ತರ ಕಳಿಸುತ್ತವೆ. ಅದರ ಜೊತೆಗೆ ಸರ್ವರಿಗೆ ತಿಳಿಯುವುದು ಇಷ್ಟು: ನಿಮ್ಮ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ವಿಂಡೋಸೋ ಲಿನಕ್ಸೋ, ಗ್ರಾಫಿಕ್ಸ್ ಕಾರ್ಡ್ ಇದೆಯೇ, ಯಂತ್ರಕ್ಕೆ ನೀವಿಟ್ಟ ಹೆಸರೇನು, ಯಾವ ಕಾಲವಲಯ, ಯಾವ ಐಪಿ, ದಿನಕ್ಕೆ ಎಷ್ಟು ಹೊತ್ತು ಆನ್ ಇರುತ್ತದೆ. ಖಾತೆ ತೆರೆಯುವಾಗ ಕೊಟ್ಟ ಇಮೇಲ್ ಇದ್ದೇ ಇದೆ. ಇವುಗಳಲ್ಲಿ ಕೆಲವು ವಿವರಗಳು ಖಾತೆಯ ಸೆಟ್ಟಿಂಗಿನಂತೆ ಲೋಕಕ್ಕೆಲ್ಲ ಕಾಣುವಂತೆಯೂ ಇರುತ್ತವೆ, ಏಕೆಂದರೆ ಯಾರ ಯಂತ್ರ ಎಷ್ಟು ಅಂಕ ಗಳಿಸಿತು ಎಂಬ ಪೈಪೋಟಿ ಈ ಲೋಕದ ದೊಡ್ಡ ಮೋಜು. ಆ ಅಂಕಕ್ಕಾಗಿ ತಂತ್ರಾಂಶವನ್ನೇ ತಿರುಚಿ ಸುಳ್ಳು ಉತ್ತರ ಕಳಿಸಿದ ಭೂಪರೂ ಇದ್ದರು. ಹಾಗಾಗಿಯೇ ಒಂದೇ ಪೊಟ್ಟಣವನ್ನು ಇಬ್ಬರಿಗೋ ಮೂವರಿಗೋ ಕಳಿಸಿ ಉತ್ತರ ತಾಳೆ ನೋಡುವ ಪದ್ಧತಿ ಬಂತು. ನಮಗೆ ಯೋಜನೆಯವರ ಮೇಲೆ ಅನುಮಾನವಿದ್ದರೆ, ಅವರಿಗೂ ನಮ್ಮ ಮೇಲೆ ಅಷ್ಟೇ ಇದೆ.

ಆದರೆ ಆಸಕ್ತಿಯಿಲ್ಲ ಎನ್ನುವುದು ಬೇರೆ, ಸಾಧ್ಯವಿಲ್ಲ ಎನ್ನುವುದು ಬೇರೆ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ದಾರಿಹೋಕರಿಗೆ ಜಗಲಿಯಲ್ಲಿ ಮಲಗಲು ಜಾಗ ಕೊಡುತ್ತಿದ್ದರು. ಬಂದವನು ಎಷ್ಟೇ ಸಭ್ಯನಾದರೂ ಒಳಬಾಗಿಲಿನ ಅಗುಳಿ ಹಾಕಿಯೇ ಮಲಗುತ್ತಿದ್ದರು. ಲಿನಕ್ಸಿನಲ್ಲಿ ಬಾಯಿಂಕ್ ಸಾಮಾನ್ಯವಾಗಿ ತನ್ನದೇ ಪ್ರತ್ಯೇಕ ಬಳಕೆದಾರನಾಗಿ ಓಡುತ್ತದೆ, ಬೀಗ ಹಾಕಿದ ನಿಮ್ಮ ಕಡತಗಳಿಗೆ ಅದರ ಕೈ ಎಟುಕದು. ವಿಂಡೋಸಿನಲ್ಲಿ ಮಾಮೂಲಿ ರೀತಿಯಲ್ಲಿ ಅನುಸ್ಥಾಪಿಸಿದರೆ ಅದು ನಿಮ್ಮ ಹೆಸರಿನಲ್ಲೇ ಓಡುತ್ತದೆ. ನೀವು ತೆರೆಯಬಲ್ಲ ಕಡತವನ್ನು ತಾತ್ವಿಕವಾಗಿ ಅದೂ ತೆರೆಯಬಲ್ಲದು. ‘ಸರ್ವೀಸ್’ ಆಗಿ ಅನುಸ್ಥಾಪಿಸುವ ಸುರಕ್ಷಿತ ದಾರಿ ಇದೆ, ಆದರೆ ಆಗ ಗ್ರಾಫಿಕ್ಸ್ ಕಾರ್ಡ್ ಬಳಸಲಾಗದು ಎಂಬ ಕಾರಣಕ್ಕೆ ಹೆಚ್ಚಿನವರು ಅತ್ತ ಹೋಗುವುದಿಲ್ಲ. ಅಂದರೆ ಅಗುಳಿ ಇದೆ, ಹಾಕುವವರು ಕಡಿಮೆ.

ಯೋಜನೆಯವರು ಸಜ್ಜನರಾಗಿದ್ದರೂ ತಂತ್ರಾಂಶದಲ್ಲಿ ತೂತು ಇರಬಹುದು. 2003ರ ಏಪ್ರಿಲಿನಲ್ಲಿ ನೆದರ್ಲೆಂಡ್ಸಿನ ಒಬ್ಬ ಭದ್ರತಾ ಸಂಶೋಧಕ ಸೆಟಿ ಅಟ್ ಹೋಮ್‌ನಲ್ಲಿ ಎರಡು ದೋಷ ತೋರಿಸಿದ. ಪ್ರೊಸೆಸರ್ ಮತ್ತು ಆಪರೇಟಿಂಗ್ ಸಿಸ್ಟಮ್ಮಿನ ವಿವರಗಳನ್ನು ಅದು ಯಾವ ಗೂಢಲಿಪಿಯೂ ಇಲ್ಲದೆ ಬಟಾಬಯಲಾಗಿ ಕಳಿಸುತ್ತಿತ್ತು. ಸಾಲದ್ದಕ್ಕೆ, ಸರ್ವರಿನ ಸೋಗು ಹಾಕಿ ಬಂದವನು ಯಂತ್ರದ ಮೇಲೆ ಹಿಡಿತ ಸಾಧಿಸಬಹುದಾದ ರಂಧ್ರವೂ ಇತ್ತು. ಬರ್ಕ್‌ಲಿಯವರು ತಿದ್ದಿದ ಆವೃತ್ತಿ ಬಿಡುಗಡೆ ಮಾಡಿದರು. ಲಕ್ಷಾಂತರ ಯಂತ್ರಗಳಲ್ಲಿ ಒಂದೇ ತಂತ್ರಾಂಶ ಓಡುವಾಗ ಒಂದೇ ತೂತು ಲಕ್ಷಾಂತರ ಬಾಗಿಲಾಗುತ್ತದೆ. ಬಾಯಿಂಕ್ ಬಂದ ಮೇಲೆ ತಂತ್ರಾಂಶದ ಪ್ರತಿ ಭಾಗಕ್ಕೂ ಡಿಜಿಟಲ್ ಸಹಿ ಹಾಕುವ, ಆ ಸಹಿಯ ಕೀಲಿಯನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಯಂತ್ರದಲ್ಲಿಡುವ ಕ್ರಮ ಬಂತು. ಸರ್ವರಿಗೆ ಕನ್ನ ಬಿದ್ದರೂ ಮನೆಮನೆಗೆ ವಿಷ ಹೋಗದಿರಲಿ ಎಂದು. ಆದರೆ ಒಂದು ಮಾತು: ಬಾಯಿಂಕ್ ಬರೀ ವೇದಿಕೆ. ಅದರ ಮೇಲೆ ಯಾರು ಬೇಕಾದರೂ ಯೋಜನೆ ಹೂಡಬಹುದು. ಸಹಿ ಹಾಕುವವನೇ ಸರಿಯಿಲ್ಲದಿದ್ದರೆ ಸಹಿ ಏನು ಮಾಡೀತು?

ಖಾಸಗಿತನಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಐಬಿಎಂ ಕಂಪನಿ 2004ರಲ್ಲಿ ಆರಂಭಿಸಿ, ಈಗ ಕೆನಡಾದ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯ ಕೈಗೆ ಬಂದಿರುವ ‘ವರ್ಲ್ಡ್ ಕಮ್ಯುನಿಟಿ ಗ್ರಿಡ್’ನಲ್ಲಿ ಕ್ಯಾನ್ಸರ್ ಗುರುತುಗಳನ್ನು ಹುಡುಕುವ ಯೋಜನೆಯೊಂದಿದೆ. ಸಾವಿರಾರು ರೋಗಿಗಳ ಮತ್ತು ಆರೋಗ್ಯವಂತರ ಅಂಗಾಂಶದ ಮಾದರಿಗಳಿಂದ ಬಂದ ದತ್ತಾಂಶ ಅದರ ಬಂಡವಾಳ. ಅಲ್ಲಿ ನನ್ನ ಗುಟ್ಟು ಯೋಜನೆಯವರಿಗೆ ಹೋಗುವುದಕ್ಕಿಂತ ಆ ರೋಗಿಗಳ ಗುಟ್ಟು ನನ್ನ ಮನೆಗೆ ಬರುವ ಪ್ರಶ್ನೆ ದೊಡ್ಡದು. ಹೆಸರು, ವಿಳಾಸ ಕಳಚಿದ ಬರೀ ಅಂಕಿಗಳಷ್ಟೇ ಬರುತ್ತವೆ, ನಿಜ. ಆದರೂ ದೂರದ ಊರಿನ ಯಾರದೋ ಕಾಯಿಲೆಯ ಒಂದು ಚೂರು ನಮ್ಮ ಮೇಜಿನ ಮೇಲೆ ರಾತ್ರಿಯಿಡೀ ಲೆಕ್ಕವಾಗುತ್ತಿದೆ ಎಂದು ನೆನೆದರೆ, ಯಂತ್ರವನ್ನು ಶುಚಿಯಾಗಿಟ್ಟುಕೊಳ್ಳುವ ಹೊಣೆ ಕೊಡುವವನಿಗೂ ಇದೆ ಎನಿಸುತ್ತದೆ.

ಇಷ್ಟೆಲ್ಲ ಹೇಳಿಯೂ ನನಗೆ ವಿಜ್ಞಾನಿಗಳ ಯೋಜನೆಗಳ ಬಗ್ಗೆ ಹೆಚ್ಚು ಭಯವಿಲ್ಲ. ಭಯವಿರುವುದು ಅವುಗಳ ದಾಯಾದಿಗಳ ಬಗ್ಗೆ. ಬೇರೆಯವರ ಯಂತ್ರದ ಬಿಡುವನ್ನು ಬಳಸುವ ತಂತ್ರ ಎಲ್ಲ ಕಡೆ ಒಂದೇ. ಕೇಳಿ ಬಳಸಿದರೆ ದಾನ, ಕೇಳದೆ ಬಳಸಿದರೆ ದೋಚುವಿಕೆ.

2001ರ ಆರಂಭದಲ್ಲಿ ಅಮೆರಿಕದಲ್ಲಿ ಬಿಟ್ಟಿ ಇಂಟರ್ನೆಟ್ ಕೊಡುತ್ತಿದ್ದ ‘ಜುನೊ’ ಕಂಪನಿ ತನ್ನ ಕರಾರುಪತ್ರ ಬದಲಿಸಿತು. ಗ್ರಾಹಕರ ಯಂತ್ರದಲ್ಲಿ ಕಂಪನಿ ತನ್ನ ಲೆಕ್ಕದ ತಂತ್ರಾಂಶ ಓಡಿಸಬಹುದು, ಸ್ಕ್ರೀನ್‌ಸೇವರ್ ಬದಲಿಸಬಹುದು, ಉತ್ತರ ಕಳಿಸಲು ತಾನೇ ಫೋನ್ ಸಂಪರ್ಕ ಸಾಧಿಸಬಹುದು. ಬೇಕಾದರೆ ಯಂತ್ರವನ್ನು ಸದಾ ಆನ್ ಇಡುವಂತೆ ಗ್ರಾಹಕರಿಗೆ ಹೇಳಬಹುದು. ಫೋನ್ ಖರ್ಚು ಗ್ರಾಹಕರದೇ! ಆ ಗಣಕಬಲವನ್ನು ಸಂಶೋಧನಾ ಸಂಸ್ಥೆಗಳಿಗೆ ಮಾರುವ ಲೆಕ್ಕಾಚಾರ ಕಂಪನಿಯದು. ಗದ್ದಲವಾಯಿತು, ಯೋಜನೆ ನೆಲಕಚ್ಚಿತು. ಮರುವರ್ಷ ಹಾಡು ಹಂಚುವ ‘ಕಜಾ’ ತಂತ್ರಾಂಶದೊಳಗೂ ಅಂಥದೇ ಹುನ್ನಾರ ಅಡಗಿದ್ದು ಬಯಲಾಯಿತು. 2017ರ ಹೊತ್ತಿಗೆ ಜಾಲತಾಣ ತೆರೆದರೆ ಸಾಕು, ನೋಡುವವರ ಪ್ರೊಸೆಸರಿನಲ್ಲಿ ಗುಟ್ಟಾಗಿ ಕ್ರಿಪ್ಟೊ ನಾಣ್ಯ ಅಗೆಯುವ ಚಾಳಿ ಶುರುವಾಯಿತು. ಮರುವರ್ಷ ಪಕ್ಕದ ಆಂಧ್ರಪ್ರದೇಶದ ಸರ್ಕಾರಿ ಜಾಲತಾಣಗಳಲ್ಲೂ ನಾಣ್ಯ ಅಗೆಯುವ ಅಂಥ ತಂತ್ರಾಂಶ ಸಿಕ್ಕಿತು.

ಈಗಿನ ಹೊಸ ಅವತಾರ ಇನ್ನೂ ಅಪಾಯದ್ದು. ಅದಕ್ಕೆ ನಿಮ್ಮ ಪ್ರೊಸೆಸರ್ ಬೇಡ, ನಿಮ್ಮ ಐಪಿ ವಿಳಾಸ ಬೇಕು. ಬಿಟ್ಟಿ ವಿಪಿಎನ್ ಎಂದು ನಂಬಿ ಜನ ಹಾಕಿಕೊಂಡ ತಂತ್ರಾಂಶಗಳ ಮೂಲಕ ‘911 ಎಸ್5’ ಎಂಬ ಜಾಲ ಸುಮಾರು 200 ದೇಶಗಳ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳನ್ನು ಒಳಗೆ ಹಾಕಿಕೊಂಡಿತ್ತು ಎಂದು ಅಮೆರಿಕದ ನ್ಯಾಯ ಇಲಾಖೆ 2024ರ ಮೇನಲ್ಲಿ ಪ್ರಕಟಿಸಿತು. ದುಡ್ಡು ಕೊಟ್ಟವರಿಗೆ ಆ ವಿಳಾಸಗಳ ಬಾಡಿಗೆ. ವಂಚನೆ ಮಾಡುವವನು ಎಲ್ಲೋ ಕೂತಿರುತ್ತಾನೆ, ಪೊಲೀಸರ ದಾಖಲೆಯಲ್ಲಿ ಮೂಡುವುದು ನಿಮ್ಮ ಮನೆಯ ವಿಳಾಸ. ‘ಬಿಡುವಿನ ಇಂಟರ್ನೆಟ್ ಹಂಚಿ, ಕಾಸು ಗಳಿಸಿ’ ಎಂಬ ಆ್ಯಪುಗಳ ಜಾಹೀರಾತು ನಮ್ಮ ಹುಡುಗರ ಮೊಬೈಲಿಗೂ ಬರುತ್ತಿದೆ. ಪುಡಿಗಾಸಿಗೆ ಮನೆ ವಿಳಾಸವನ್ನು ಅಪರಿಚಿತರಿಗೆ ಎರವಲು ಕೊಡುವುದು ದಡ್ಡತನ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಕಾಯ್ದೆ ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ ಬಂದದ್ದು. ಅದರ ಬೆನ್ನಿಗೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ದೊಡ್ಡ ಮಣೆ ಹಾಕಿದೆ. ಆದರೆ ಅದು ಕಾಯುವುದು ವೈಯಕ್ತಿಕ ಮಾಹಿತಿಯನ್ನು. ಪ್ರೊಸೆಸರಿನ ಸಮಯ ‘ಮಾಹಿತಿ’ ಅಲ್ಲ. ಆ ಕಳವಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನೇ ಗತಿ: ಯಂತ್ರದ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿಯಿಲ್ಲದೆ ಬಳಸಿದರೆ ಪರಿಹಾರ ತೆರಬೇಕು. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ.

ಈ ಮಾಲೀಕರ ಅನುಮತಿ ಎಂಬ ಮಾತು ಕಂಪ್ಯೂಟರ್ ದಾನಿಗಳಿಗೂ ಅನ್ವಯಿಸುತ್ತದೆ. ಅಮೆರಿಕದ ಜಾರ್ಜಿಯಾದ ಒಂದು ತಾಂತ್ರಿಕ ಕಾಲೇಜಿನ ಕಂಪ್ಯೂಟರ್ ಉಸ್ತುವಾರಿ ನೌಕರ ರಜೆಯಲ್ಲಿ ಸುಮ್ಮನಿದ್ದ ಕಾಲೇಜಿನ ಯಂತ್ರಗಳಿಗೆ ಗೂಢಲಿಪಿ ಬಿಡಿಸುವ ಇಂಥದೊಂದು ತಂತ್ರಾಂಶ ಹಾಕಿದ್ದ. ಸರ್ಕಾರ ಆತನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಿ, ಬಳಸಿದ ಪ್ರತಿ ಸೆಕೆಂಡಿಗೂ 59 ಸೆಂಟ್‌ನಂತೆ ನಾಲ್ಕು ಲಕ್ಷ ಡಾಲರಿಗೂ ಮೀರಿದ ನಷ್ಟದ ಲೆಕ್ಕ ತೆಗೆಯಿತು. ಕೊನೆಗೆ 2002ರ ಜನವರಿಯಲ್ಲಿ 2,100 ಡಾಲರ್, ಒಂದು ವರ್ಷದ ಪ್ರೊಬೇಷನ್, 80 ಗಂಟೆ ಸಮುದಾಯ ಸೇವೆಗೆ ರಾಜಿಯಾಯಿತು. ಲೆಕ್ಕ ಹಾಸ್ಯಾಸ್ಪದವೇ, ಆದರೆ ಕಾಲೇಜಿನ ಸ್ವತ್ತನ್ನು ದಾನ ಮಾಡುವ ಅಧಿಕಾರ ಆತನಿಗಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಬೆಂಗಳೂರಿನಲ್ಲಿ ಮನೆಗೆ ತಂದ ಆಫೀಸಿನ ಲ್ಯಾಪ್‌ಟಾಪನ್ನೇ ಸ್ವಂತದ್ದೆಂದು ಬಳಸುವವರು ಎಷ್ಟು ಸಾವಿರವೋ. ಅದಕ್ಕೆ ಇದನ್ನು ಹಾಕುವ ಯೋಚನೆಯೂ ಬೇಡ.

ಕರೆಂಟಿನ ಲೆಕ್ಕವನ್ನೂ ನೋಡಿಬಿಡೋಣ. ಬಿಡುವಿನ ಸಮಯ ಬಿಟ್ಟಿ ಎಂಬುದು ಅರ್ಧಸತ್ಯ. ಸುಮ್ಮನಿರುವ ಪ್ರೊಸೆಸರ್ ಕಡಿಮೆ ಕರೆಂಟ್ ಕುಡಿಯುತ್ತದೆ, ದುಡಿಯುವ ಪ್ರೊಸೆಸರ್ ಹೆಚ್ಚು. ಲೆಕ್ಕದ ಕೆಲಸದಿಂದ 100 ವಾಟ್ ಹೆಚ್ಚಾದರೆ, ರಾತ್ರಿ ಹತ್ತು ಗಂಟೆ ಓಡಿಸಿದಾಗ ದಿನಕ್ಕೊಂದು ಯೂನಿಟ್, ತಿಂಗಳಿಗೆ 30. ಗೇಮ್ ಆಡುವವರ ಗ್ರಾಫಿಕ್ಸ್ ಕಾರ್ಡ್ 300 ವಾಟ್ ಎಳೆದರೆ ತಿಂಗಳಿಗೆ 90. ಕರ್ನಾಟಕದಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನು ಮರೆಯಬಾರದು: ಮನೆಮನೆಗೆ ಹಿಂದಿನ ಸರಾಸರಿಯ ಮೇಲೆ ಮಿತಿ ಇದೆ, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕೈಯಿಂದಲೇ. ವಿಜ್ಞಾನ ಸೇವೆಯ ಹುಮ್ಮಸ್ಸಿನಲ್ಲಿ ಮನೆಯವರ ಬೈಗುಳ ತಿನ್ನುವುದಕ್ಕಿಂತ ಮೊದಲೇ ಮೀಟರ್ ನೋಡಿಕೊಳ್ಳುವುದು ಲೇಸು.

ಹಾಗಾದರೆ ಹಾಕಿಕೊಳ್ಳಬೇಕೇ, ಬೇಡವೇ? ಸ್ವಂತ ಯಂತ್ರ, ತೀರಾ ಹಳತಲ್ಲದ್ದು, ಕರೆಂಟ್ ಬಿಲ್ಲಿಗೆ ಹೆದರದ ಮನೆ ಇದ್ದರೆ ಹಾಕಿಕೊಳ್ಳಿ ಎನ್ನುತ್ತೇನೆ. ಯಾವ ವಿಶ್ವವಿದ್ಯಾಲಯದ ಯಾವ ಪ್ರಾಧ್ಯಾಪಕರು ನಡೆಸುತ್ತಿದ್ದಾರೆ, ಹಿಂದೆ ಪ್ರಕಟಿಸಿದ ಪ್ರಬಂಧಗಳೇನು ಎಂದು ನೋಡದೆ ಯಾವ ಯೋಜನೆಗೂ ಸೇರಬೇಡಿ. ತಂತ್ರಾಂಶವನ್ನು ಮೂಲ ತಾಣದಿಂದಲೇ ಇಳಿಸಿಕೊಳ್ಳಿ. ಇದಕ್ಕೆಂದೇ ಬೇರೆ ಇಮೇಲ್, ಬೇರೆ ಪಾಸ್‌ವರ್ಡ್ ಇಡಿ; ಯಂತ್ರಕ್ಕೆ ನಿಮ್ಮ ಪೂರ್ತಿ ಹೆಸರಿಟ್ಟಿದ್ದರೆ ಬದಲಿಸಿ; ಯಂತ್ರದ ವಿವರ ಬೇರೆಯವರಿಗೆ ಕಾಣದಂತೆ ಮಾಡುವ ಆಯ್ಕೆಯನ್ನು ಒತ್ತಿ. ಬ್ಯಾಂಕ್ ವ್ಯವಹಾರಕ್ಕೂ ವಿಜ್ಞಾನಕ್ಕೂ ಒಂದೇ ಕಂಪ್ಯೂಟರ್ ಆದರೆ ಪ್ರತ್ಯೇಕ ಬಳಕೆದಾರ ಖಾತೆ ತೆರೆಯಿರಿ. ‘ನಾನು ಬಳಸುವಾಗ ನಿಲ್ಲಿಸು’ ಎಂಬ ಆಯ್ಕೆ ಬಾಯಿಂಕ್‌ನಲ್ಲಿದೆ, ಪ್ರೊಸೆಸರಿನ ಶೇಕಡ ಇಷ್ಟನ್ನು ಮಾತ್ರ ಬಳಸು ಎನ್ನುವುದೂ ಇದೆ. ಎರಡನ್ನೂ ಮೊದಲ ದಿನವೇ ಹೊಂದಿಸಿಕೊಳ್ಳಿ, ಬೇಸಗೆಯಲ್ಲಿ ಶೇಕಡ ಇನ್ನಷ್ಟು ಇಳಿಸಿ. ಯಾವುದೇ ಯೋಜನೆ ನಿಮ್ಮ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಕೇಳಿದರೆ ಅದು ವಿಜ್ಞಾನವಲ್ಲ; ಆ ಕ್ಷಣವೇ ಅಳಿಸಿಹಾಕಿ.